ಹನುಮಪ್ಪನ ಹೊಸ್ತಿಲಿಗೆ ನಾಲ್ಕು ಬೆರಳು ಕೆಳಗೆ

ಇಬ್ರಾಹಿಂಸಾಬ ಗೌಂಡಿಗೆ ಒಂದು ರೋಗವಿದೆ. ದವಾಖಾನೆಯಲ್ಲಿ ಹೇಳಿಕೊಳ್ಳುವಂಥದ್ದಲ್ಲ. ಎಲ್ಲಿ ನಿಂತರೂ ಅವನ ಕಣ್ಣಿಗೆ ಗಾಳಿಯಲ್ಲಿ ಒಂದು ಗೆರೆ ಕಾಣುತ್ತದೆ, ಹೊಳೆಯ ನೀರು ಬಂದು ನಿಂತುಹೋದ ಗೆರೆ. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿಯುತ್ತ ಕೂತರೆ ಅದು ಅಂಗಡಿಯವನ ಎದೆಯ ಮೇಲೆ ಹಾಯ್ದು, ಬಿಸ್ಕೀಟಿನ ಭರಣಿಗಳನ್ನು ದಾಟಿ, ನಿಂತ ಬಸ್ಸಿನ ಕಿಟಕಿಯ ಕೆಳಗೆ ಸಾಗುತ್ತದೆ. ಗೆರೆಯ ಕೆಳಗಿನದೆಲ್ಲ ತುಸು ಹಸಿರಾಗಿ, ನಿಧಾನವಾಗಿ ತೋರುತ್ತದೆ. ನಾಯಿ ಓಡಿದರೆ ಈಸಿದ ಹಾಗೆ, ಹೆಂಗಸರ ಸೆರಗು ಹಾರಿದರೆ ತೇಲಿದ ಹಾಗೆ. "ಎಲ್ಲಿ ಅದೀರಿ?" ಎಂದು ಹೆಂಡತಿ ಹುಸೇನಬಿ ಗದರಿದಾಗ ಗೆರೆ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಚಹಾ ಆರಿರುತ್ತದೆ.

ಕ್ರಾಸಿನಿಂದ ಒಳಗೆ, ಮಲಪ್ರಭೆಯ ದಂಡೆಯ ಮೇಲೆ ಅವನ ಊರು. ರೊಟ್ಟಿ ಹಂಚಿನಂಥ ಸಮತಟ್ಟು ಊರು. ನಲವತ್ತು ವರ್ಷ ಅಲ್ಲಿ ಮನೆ ಕಟ್ಟಿದವನು ಅವನೇ, ಅವನಿಗಿಂತ ಮೊದಲು ಅವನ ಅಪ್ಪ. ಆ ಊರಿನಲ್ಲಿ ಮನೆ ಕಟ್ಟಲು ಒಂದು ಕಟ್ಟಳೆಯಿತ್ತು. ಹನುಮಪ್ಪನ ಗುಡಿಯ ಹೊಸ್ತಿಲಿಗಿಂತ ಯಾರ ಮನೆಯ ಹೊಸ್ತಿಲೂ ಎತ್ತರ ಇರಕೂಡದು, ನಾಲ್ಕು ಬೆರಳು ಕೆಳಗೇ ಇರಬೇಕು. ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗೂ ಗೊತ್ತಿಲ್ಲ. ನಮ್ಮ ಜನ ನೋಡಿ, ಬರೆದಿಟ್ಟ ಕಾನೂನು ಮುರಿಯುವುದರಲ್ಲಿ ಎಲ್ಲಿಲ್ಲದ ಜಾಣರು, ಬರೆಯದೇ ಇದ್ದದ್ದನ್ನು ಮಾತ್ರ ಕೈಮುಗಿದು ಪಾಲಿಸುತ್ತಾರೆ!

ಇಬ್ರಾಹಿಂಸಾಬನೂ ಪಾಲಿಸಿದ. ಹೊಸ್ತಿಲು ಕೂರಿಸುವ ದಿನ ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಹುಸೇನಬಿಯ ಕೈಗೆ ಕೊಟ್ಟು ಗುಡಿಯ ಹೊಸ್ತಿಲ ಬಳಿ ನಿಲ್ಲಿಸುವನು. ಇನ್ನೊಂದು ತುದಿ ಹಿಡಿದು ತಾನು ಓಣಿಯಲ್ಲಿ ನಡೆಯುವನು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಂತಾಗ ಗೂಟ ಹೊಡೆಯುವನು. ಹಾಗೆ ಗೂಟದಿಂದ ಗೂಟಕ್ಕೆ ದೇವರ ಮಟ್ಟ ಹೊಸ ಮನೆಯವರೆಗೆ ನಡೆದು ಬರುವುದು. ಅಲ್ಲಿ ಗೋಡೆಯ ಮೇಲೆ ಬೆರಳಿಟ್ಟು ನಾಲ್ಕು ಬೆರಳು ಇಳಿಸುವನು. ಅವನ ಲೆಕ್ಕ ಒಂದು ಅಕ್ಕಿಕಾಳಿನಷ್ಟೂ ತಪ್ಪಿದ್ದಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು.

೨೦೧೯ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂತು. ಎಲ್ಲ ಹೊಸ್ತಿಲೂ ಒಂದೇ ಮಟ್ಟ ನೋಡಿ, ಎಲ್ಲ ಮನೆಗೂ ಒಂದೇ ತಾಸಿನಲ್ಲಿ ಹೊಕ್ಕಿತು. ಗುರುಸಿದ್ದವ್ವನ ಗಂಡ ರಾಚಪ್ಪ ಕಟ್ಟಿದ ಕರುವನ್ನು ಬಿಚ್ಚಲು ಒಳಗೆ ಹೋದ. ಕರು ಈಸಿಕೊಂಡು ಹೊರಗೆ ಬಂತು. ಮಣ್ಣಿನ ಗಚ್ಚಿನ ಗೋಡೆ ನೆನೆದು ರಾಚಪ್ಪನ ಮೇಲೆ ಕುಸಿಯಿತು.

ಊರಿಗೆ ಗೊತ್ತಿರುವುದು ಇಷ್ಟು. ಇಬ್ರಾಹಿಂಸಾಬನಿಗೆ ಇನ್ನೂ ಒಂದು ಮಾತು ಗೊತ್ತಿತ್ತು. ಆ ಮನೆ ಕಟ್ಟುವಾಗ ರಾಚಪ್ಪ ಅವನನ್ನು ಬೇವಿನ ಗಿಡದ ಕೆಳಗೆ ಕರೆದು, ದನಿ ಇಳಿಸಿ ಕೇಳಿದ್ದ: "ಸಾಬಣ್ಣ, ಹೊಳಿ ಯಾಕೋ ನನಗ ನೆಟ್ಟಗ ಕಾಣವಲ್ದು. ಹೊಸ್ತಿಲ ಒಂದ ಮೊಳ ಎತ್ತಿಬಿಡೋ. ಯಾರ್ ನೋಡ್ತಾರ?"

"ನಾ ನೋಡ್ತೇನಲ್ಲೋ ಮಾರಾಯಾ," ಎಂದು ನಕ್ಕುಬಿಟ್ಟಿದ್ದ ಇಬ್ರಾಹಿಂಸಾಬ.

ಒಂದು ಮೊಳ! ಅಷ್ಟಿದ್ದಿದ್ದರೆ ನೀರು ಒಳಗೆ ಹೊಕ್ಕು ಗೋಡೆ ನೆನೆಯಲು ಅರ್ಧ ದಿನ ತಡವಾಗುತ್ತಿತ್ತು. ಅಷ್ಟರಲ್ಲಿ ಹತ್ತು ಕರು ಬಿಚ್ಚಬಹುದಿತ್ತು. ಗೋಡೆ ಕುಸಿದ ಅಂದಿನಿಂದಲೇ ಅವನಿಗೆ ಗೆರೆ ಕಾಣತೊಡಗಿದ್ದು. ಮಧ್ಯಾಹ್ನ ಕಣ್ಣು ಹತ್ತಿದರೆ ಸಾಕು, ಊರೆಲ್ಲ ತಿಳಿನೀರಿನಡಿ ಕಾಣುತ್ತಿತ್ತು. ರಾಚಪ್ಪ ತನ್ನ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಿದ್ದ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಇವನನ್ನು ಕಂಡು ಮೊಳಕೈ ಮುಂದೆ ಚಾಚಿ ತೋರಿಸುತ್ತಿದ್ದ, ಇಷ್ಟೇ ಅಲ್ಲವೇನೋ, ಎಂಬಂತೆ. ಎದ್ದರೆ ಇಬ್ರಾಹಿಂಸಾಬನ ದಿಂಬು ಒದ್ದೆಯಾಗಿರುತ್ತಿತ್ತು.

ಆರು ವರ್ಷ ತಗಡಿನ ಶೆಡ್ಡಿನಲ್ಲಿ ಕಳೆದ ಗುರುಸಿದ್ದವ್ವ ಈ ಬೇಸಿಗೆಯಲ್ಲಿ ಹಳೆಯ ಜಾಗದಲ್ಲೇ ಪಾಯಾ ತೆಗೆಸಿದಳು. ಅದೇ ಹೊತ್ತಿಗೆ ಪಂಚಾಯತಿಗೆ ಭುವನೇಶ್ವರಿ ಎಂಬ ಹೊಸ ಇಂಜಿನಿಯರ್ ಬಂದಳು, ಬಾಗಲಕೋಟೆಯ ನವನಗರದ ಹುಡುಗಿ. ದಂಡೆಯ ಊರಿಗೆ ಮನೆ ಕಟ್ಟುವ ಹೊಸ ನಿಯಮ ಬರೆಯುವುದು ಅವಳ ಕೆಲಸ. ಗ್ರಾಮಸಭೆ ಒಪ್ಪಿದರಷ್ಟೇ ಅದು ಜಾರಿ. ಅವಳ ಹಾಳೆಯಲ್ಲಿ 'ರಸ್ತೆಯಿಂದ ಎರಡು ಅಡಿ ಎತ್ತರ' ಎಂದಿತ್ತು. ಇಬ್ರಾಹಿಂಸಾಬನಿಗೆ ನಗು ತಡೆಯಲಾಗಲಿಲ್ಲ.

"ಯಾವ ರಸ್ತೆರಿ ಮೇಡಮ್ಮಾರ? ಹಳೇದರ ಮ್ಯಾಲ ಹೊಸಾದು ಹಾಕಿ ಹಾಕಿ ರಸ್ತೆ ಬೆಳಕೋಂತ ಹೊಂಟೈತಿ. ಹೊಸ್ತಿಲ ಬೆಳೀತೈತೇನ್ರಿ?"

"ಮತ್ತ ಎಲ್ಲಿಂದ ಅಳೀಬೇಕ್ರಿ ಕಾಕಾ?"

ಅವನು ಅವಳನ್ನು ಗುಡಿಗೆ ಕರೆದೊಯ್ದು ಬಾಗಿಲ ಬಳಿ ನಿಲ್ಲಿಸಿದ. ಒಳಗೆ ಹನುಮಪ್ಪನ ಎದೆಗೆ ಸರಿಯಾಗಿ ಗೋಡೆಯ ಮೇಲೆ ಹೊಳೆ ಬಿಟ್ಟುಹೋದ ಮಾಸಿದ ಹಳದಿ ಗೆರೆಯಿತ್ತು, ಎಷ್ಟು ಸುಣ್ಣ ಹೊಡೆದರೂ ಮತ್ತೆ ಮೂಡುವ ಗೆರೆ. ಭುವನೇಶ್ವರಿಯ ಅಜ್ಜಿಯ ಮನೆ ಹಳೆ ಬಾಗಲಕೋಟೆಯಲ್ಲಿತ್ತು, ಈಗ ಅಣೆಕಟ್ಟೆಯ ಹಿನ್ನೀರಿನಡಿ ಇದೆ. "ನಮ್ಮಜ್ಜಿ ಸಾಯೂತನಕಾ ಕನಸಿನ್ಯಾಗ ಆ ಮನಿ ಕಸಾ ಹೊಡೀತಿದ್ಲ್ರಿ," ಎಂದಳು. ಇಬ್ರಾಹಿಂಸಾಬನಿಗೆ ಅವಳು ಒಮ್ಮೆಲೇ ಹತ್ತಿರದವಳೆನಿಸಿದಳು. ಅಲ್ಲೇ ಕೂತು ಹೊಸದಾಗಿ ಬರೆದರು: ಹೊಸ್ತಿಲು ಈ ಗೆರೆಗಿಂತ ಒಂದು ಗೇಣು ಮೇಲೆ, ಗೆರೆಯ ತನಕ ಮಣ್ಣಿನ ಗಚ್ಚು ಬೇಡ, ಕಲ್ಲು ಸಿಮೆಂಟು.

ಶಾಲೆಯ ಪಡಸಾಲೆಯಲ್ಲಿ ಗ್ರಾಮಸಭೆ ಕೂಡಿತು. ಹಾಳೆ ಓದಿ ಮುಗಿಸುವುದೇ ತಡ, ಪೂಜಾರಿ ಈರಪ್ಪ ಎದ್ದು ನಿಂತ. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ.

"ಹನುಮಪ್ಪನ್ನ ತಗ್ಗಿನ್ಯಾಗ ಬಿಟ್ಟು ನೀವು ಮ್ಯಾಲ ಕುಂದ್ರವ್ರೇನು? ದೇವರಿಗಿಂತ ದೊಡ್ಡಾವ್ರು ಆದ್ರೇನು?"

ಹೌದಲ್ಲ, ಎಂದು ನಾಲ್ಕು ತಲೆ ಅಲ್ಲಾಡಿದವು, ಆಮೇಲೆ ನಲವತ್ತು. ಭುವನೇಶ್ವರಿ ಏನೋ ಹೇಳಲು ಹೋದಳು, ಗದ್ದಲದಲ್ಲಿ ಕೇಳಲಿಲ್ಲ. ಇಬ್ರಾಹಿಂಸಾಬ ಮೂಲೆಯಲ್ಲಿ ಕೂತಿದ್ದ. ಗೆರೆ ಮತ್ತೆ ಬಂತು. ಕೂತವರೆಲ್ಲರ ತಲೆಯ ಮೇಲೆ ಹಾಯ್ದುಹೋಯಿತು. ನೀರಿನಡಿ ಕೂತು ಜಗಳಾಡುತ್ತಿದ್ದಾರಲ್ಲ ಎಂದುಕೊಂಡ. ಈ ಹಾಳೆ ಇವತ್ತು ಬಿದ್ದುಹೋದರೆ ಗುರುಸಿದ್ದವ್ವನ ಹೊಸ್ತಿಲನ್ನು ಮತ್ತೆ ನಾಲ್ಕು ಬೆರಳು ಕೆಳಗೆ ಕೂರಿಸಬೇಕು, ಅದೂ ತನ್ನ ಕೈಯಿಂದಲೇ. ಗೋಡೆ ಹಿಡಿದು ಎದ್ದ.

"ಒಂದ ಮಾತ ಹೇಳ್ತೇನಿ, ಆಮ್ಯಾಲ ಬೇಕಾದ್ದು ಮಾಡ್ರಿ. ರಾಚಪ್ಪ ನನ್ನ ಕೇಳಿದ್ದ, ಹೊಸ್ತಿಲ ಒಂದ ಮೊಳ ಎತ್ತೋ ಅಂತ. ನಾ ಒಲ್ಲೆ ಅಂದೆ. ಊರ ಕಟ್ಟಳಿ ಅಂತ ಅಲ್ಲ, ನನ್ನ ಲೆಕ್ಕಾ ತಪ್ಪಬಾರದು ಅಂತ. ಅವನ್ನ ಹೊಳಿ ಒಯ್ಯಲಿಲ್ಲ. ನಾ ಕೊಂದೆ."

ಹೆಂಗಸರ ಸಾಲಿನಲ್ಲಿ ಗುರುಸಿದ್ದವ್ವ ಮೆಲ್ಲಗೆ ಎದ್ದಳು. ಅವಳು ಉಗುಳುತ್ತಾಳೆ ಎಂದುಕೊಂಡ ಇಬ್ರಾಹಿಂಸಾಬ ಮುಖ ತಿರುಗಿಸದೆ ಹಾಗೇ ನಿಂತ.

"ನನಗ ಗೊತ್ತೈತಿ ಅಣ್ಣಾ," ಎಂದಳು. "ಅವತ್ತ ನಮ್ಮವ್ರು ಮನಿಗೆ ಬಂದು ಹೇಳಿದ್ರು, ಸಾಬಣ್ಣ ಒಲ್ಲೆ ಅಂದ ಅಂತ. ಛಲೋ ಆತು, ಇಲ್ಲಂದ್ರ ನಾಳೆ ಮಂದಿ ನನಗ ಆಡ್ಕೋತಿದ್ರು, ಅಂದೆ ನಾನು. ಎರಡನೇ ಸಲ ಕೇಳಾಕ ಹೊಂಟಾವ್ರನ್ನ ನಾನ ಕೈಹಿಡಿದು ಕುಂದ್ರಿಸಿದೆ. ಆರು ವರ್ಷಾತು, ಒಬ್ಬಾಕೀನ ಹೊತ್ಕೊಂಡು ತಿರಗಾಕತ್ತೇನಿ. ನೀನೂ ಹೊತ್ತೀದಿ ಅನ್ನೂದು ಗೊತ್ತಿರಲಿಲ್ಲ."

ಆಮೇಲೆ ಪೂಜಾರಿಯ ಕಡೆ ತಿರುಗಿದಳು.

"ಈರಪ್ಪಣ್ಣಾ, ಅವತ್ತ ಹನುಮಪ್ಪನೂ ಎದಿಮಟಾ ನೀರಾಗ ನಿಂತಿದ್ದ. ಅವನ್ನ ಯಾಕ ಅಲ್ಲೇ ಬಿಡ್ತಿ? ಮೊದಲ ಅವನ ಕಟ್ಟಿ, ಅವನ ಹೊಸ್ತಿಲ ಎತ್ತೂಣು. ನಾವು ಅವನಿಗಿಂತ ನಾಲ್ಕ ಬೆರಳ ಕೆಳಗ ಇರೂಣು. ಕಟ್ಟಳೀನೂ ಉಳೀತು, ಮಂದೀನೂ ಉಳೀತು."

ಈರಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಪಂಚಾಂಗಾ ನೋಡಿ ದಿನಾ ಹೇಳ್ತೇನಿ," ಎಂದು ಕೂತ. ಭುವನೇಶ್ವರಿ ಹಾಳೆಯಲ್ಲಿ ಒಂದು ಸಾಲು ಹೊಡೆದು ಇನ್ನೊಂದು ಸಾಲು ಬರೆದಳು: ಗುಡಿಯ ಹೊಸ್ತಿಲು ಗೆರೆಗಿಂತ ಒಂದು ಗೇಣು ಮೇಲೆ, ಮನೆಗಳದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಎಲ್ಲರೂ ಕೈ ಎತ್ತಿದರು.

ಗುಡಿಯ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಹೊಸ ಹೊಸ್ತಿಲು ಕೂತ ಮರುದಿನ ಮುಂಜಾನೆ ಹುಸೇನಬಿ ಕೊಳವೆಯ ತುದಿ ಹಿಡಿದು ದೇವರ ಬಾಗಿಲಲ್ಲಿ ನಿಂತಳು. ಇಬ್ರಾಹಿಂಸಾಬ ಇನ್ನೊಂದು ತುದಿ ಹಿಡಿದು ಗೂಟದಿಂದ ಗೂಟಕ್ಕೆ ನಡೆದ. ಗುರುಸಿದ್ದವ್ವನ ಮನೆಯಲ್ಲಿ ಮಟ್ಟ ಅವನ ಸೊಂಟಕ್ಕಿಂತ ಮೇಲೆ ಬಂದು ನಿಂತಿತು. ಅಲ್ಲಿ ನೆಟ್ಟ ಗೂಟದ ಮೇಲೆ ನಾಲ್ಕು ಬೆರಳು ಇಳಿಸಿ ಗೆರೆ ಎಳೆದ. ಅವನ ಕಾಲ ಬಳಿ ರಾಚಪ್ಪನ ಹಳೆಯ ಹೊಸ್ತಿಲ ಕಲ್ಲು ಇನ್ನೂ ಅಲ್ಲೇ ಇತ್ತು, ನೆಲದಲ್ಲಿ ಅರ್ಧ ಹೂತುಕೊಂಡು.

ಗುರುಸಿದ್ದವ್ವ ಬಂದು ಕುಕ್ಕರುಗಾಲಲ್ಲಿ ಕೂತಳು. ಹಳೆಯ ಹೊಸ್ತಿಲ ಮೇಲೆ ಮೊಳಕೈ ಊರಿ, ಬೆರಳು ಮೇಲಕ್ಕೆ ಚಾಚಿ, ಬೆರಳ ತುದಿ ಮುಟ್ಟಿದಲ್ಲಿ ಗೂಟಕ್ಕೆ ವಿಭೂತಿ ಎಳೆದಳು. ಹೊಸ ಗೆರೆ ಅದಕ್ಕಿಂತ ಇನ್ನೂ ಎಷ್ಟೋ ಮೇಲಿತ್ತು.

"ಅಣ್ಣಾ, ಅವ್ರು ಕೇಳಿದ್ದು ಇಷ್ಟ. ಮೊದಲ ಇದನ್ನ ಕಟ್ಟು."

ಅವತ್ತು ಇಬ್ರಾಹಿಂಸಾಬ ಆಳುಗಳನ್ನು ಮನೆಗೆ ಕಳಿಸಿದ. ಗುರುಸಿದ್ದವ್ವ ಒಂದೊಂದೇ ಕಲ್ಲು ಕೊಟ್ಟಳು, ಅವನು ಒಂದೊಂದೇ ಇಟ್ಟ. ಹೊತ್ತು ಇಳಿಯುವುದರೊಳಗೆ ವಿಭೂತಿಯ ಗೆರೆಯ ತನಕ ಬಂದು ನಿಲ್ಲಿಸಿದರು. ಒಂದು ಮೊಳ. ಉಳಿದದ್ದನ್ನು ನಾಳೆ ಆಳುಗಳೊಂದಿಗೆ ಕಟ್ಟಿದರಾಯಿತು ಎಂದುಕೊಂಡು ಅವನು ಸಿಮೆಂಟು ಮೆತ್ತಿದ ಥಾಪಿ ತೊಳೆದಿಟ್ಟ.