ಗೆಟ್ಟವಾಡಿ ಹೊಲದ ವಿಲ್ಲಂಗ

ನಮ್ಮ ಜನ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಹೀಗಾಗಿ ಹೊಲವಿಲ್ಲದವರಿಗೆ ಬದುಕಿನ ಚಿಂತೆಯ ಜೊತೆ ಸತ್ತ ಮೇಲಿನದೂ ಒಂದು ಚಿಂತೆ. ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಗಂಡ ತೀರಿಕೊಂಡ ಮೇಲೆ ಪಣಕಹಳ್ಳಿಗೆ ಬಂದು ನಮ್ಮ ಮನೆ ಸೇರಿದ್ದಳು. ಮಕ್ಕಳಿಲ್ಲ. ಗಂಡನ ಕಡೆಯವರು ತಮ್ಮ ಹೊಲದ ಹತ್ತಿರ ಸೇರಿಸಲಿಲ್ಲ. ತಂಗಿಯ ಗಂಡನನ್ನು ಜಾಗ ಕೇಳುವುದು ಅವಳಿಗೆ ಆಗದ ಮಾತು.

"ನನ್ನ ಎಲ್ಲಿ ಕೂರುಸ್ತೀರ್ಲಾ? ಬಸ್ ಸ್ಟಾಂಡಲ್ಲಾ?" ಎಂದು ನಗುತ್ತಿದ್ದಳು. ನಾವು ಯಾರೂ ಜೊತೆಗೆ ನಕ್ಕ ನೆನಪಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಗೆಟ್ಟವಾಡಿ ಕಡೆ ಒಂದು ತುಂಡು ರಾಗಿ ಹೊಲ ಮಾರಾಟಕ್ಕೆ ಬಂತು. ದೊಡ್ಡವ್ವ ಅದಕ್ಕೆ ಗಂಟುಬಿದ್ದಳು. ಘಟ್ಟದ ಮೇಲಿನ ನಮ್ಮ ಊರುಗಳ ಮಾತು ಕನ್ನಡವಾದರೂ ಸರ್ಕಾರಿ ದಾಖಲೆಯೆಲ್ಲ ತಮಿಳು; ಅದನ್ನು ಓದಲು ಬರುತ್ತಿದ್ದುದರಿಂದ ಕಾಗದಪತ್ರದ ಓಡಾಟವೆಲ್ಲ ನನ್ನ ತಲೆಗೇ. ದಿಂಬಂ ಘಟ್ಟ ಇಳಿದು ಸತ್ಯಮಂಗಲದ ನೋಂದಣಿ ಕಚೇರಿಯಲ್ಲಿ ವಿಲ್ಲಂಗಕ್ಕೆ ಅರ್ಜಿ ಹಾಕಿದೆ. ಭೂಮಿಯ ಮೇಲೆ ಅಡಮಾನ, ಪಾಲು, ಋಣ ಏನಾದರೂ ಇದೆಯೇ ಎಂದು ಹುಡುಕಿ ಬರೆದುಕೊಡುವ ಚೀಟಿಗೆ ನಮ್ಮಲ್ಲಿ ಆ ಹೆಸರು. ಗುಮಾಸ್ತ ಪುಸ್ತಕಗಳನ್ನು ಮಗುಚಿ ಹಾಕಿ, "ವಿಲ್ಲಂಗ ಏನೂ ಇಲ್ಲೆ ಸಾಮಿ," ಎಂದ.

ಚೀಟಿ ಹಿಡಿದು ಹೊಲಕ್ಕೇ ಹೋದೆ. ದೊಡ್ಡವ್ವ ಬದುವಿನ ಮೇಲೆ ಕೂತು ಉಳುಮೆ ನೋಡುತ್ತಿದ್ದಳು. ಮಾರುವವನ ಎತ್ತುಗಳು ನೇರ ಬಂದು, ಹೊಲದ ನಡುವೆ ಒಂದು ಕಡೆ ಯಾರೂ ಹೇಳದೆ ಬಳಸಿಕೊಂಡು ಹೋಗುತ್ತಿದ್ದವು. ಅಲ್ಲಿ ಕಲ್ಲಿಲ್ಲ, ಗಿಡವಿಲ್ಲ. ಒಬ್ಬರು ಕೂರುವಷ್ಟು ಜಾಗದಲ್ಲಿ ಗರಿಕೆ ಮಾತ್ರ.

"ಅಲ್ಲಿ ಯಾರ್ಲಾ ಇರೋದು?" ದೊಡ್ಡವ್ವ ಕೂಗಿ ಕೇಳಿದಳು.

ಅವನು ಎತ್ತು ನಿಲ್ಲಿಸಿದ. "ಯಾರೋ ಎಂಗ್ಸು ಕಣಕ್ಕ. ನಮ್ಮಪ್ಪ ಸುತ್ತಾಕಂಡು ಉಳ್ತಿದ್ದ, ನಾನೂ ಅಂಗೇ ಉಳ್ತೀನಿ. ನಮ್ಮೋರಲ್ಲ."

"ನಿಮ್ಮೊಲಕ್ಕೆ ನಿಮ್ಮೋರಲ್ದೋಳು ಎಂಗ್ಲಾ ಬಂದ್ಲು?"

"ಅಪ್ಪನ್ನ ಕೇಳ್ದೆ. ಬಾಯ್ ಮುಚ್ಕಂಡು ಉಳ್ಲಾ ಅಂದ."

ದೊಡ್ಡವ್ವ ನನ್ನ ಚೀಟಿಯತ್ತ ನೋಡಲೂ ಇಲ್ಲ. "ಇನ್ನೂ ಇಂದಕ್ಕೆ ಓಗಿ ನೋಡುಸ್ಲಾ," ಎಂದಳು.

ಮತ್ತೆ ಘಟ್ಟ ಇಳಿದೆ. ಹಳೆಯ ಪುಸ್ತಕಗಳಲ್ಲಿ ಆ ಹೊಲವನ್ನು ಕೊಂಡವರು, ಮಾರಿದವರು, ಒತ್ತೆಯಿಟ್ಟವರು, ಬಿಡಿಸಿಕೊಂಡವರು ಎಲ್ಲರೂ ಇದ್ದರು. ಎಲ್ಲವೂ ಗಂಡಸರ ಹೆಸರು. ಮೇಲಕ್ಕೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಆದರೂ ನಾನು ಕಿಟಕಿಗೆ ಒತ್ತಿಕೊಂಡು, ಜಾಗ ಬಿಟ್ಟು ಕೂತಿದ್ದೆ. ಯಾಕೆಂದು ಈಗಲೂ ಹೇಳಲಾರೆ.

"ಈ ಹೊಲ ಬ್ಯಾಡ ದೊಡ್ಡವ್ವ," ಎಂದೆ.

"ಯಾರಿಗೂ ಬ್ಯಾಡ್ದೋಳು ಅಂತ ನಾವೂ ಎದುರ್ಕಂಡು ಬುಟ್ಟೋಗದಾ? ನಾನೂ ಅಂತೋಳೆ ಕಣ್ಲಾ."

ಕ್ರಯದ ದಿನ ಪತ್ರ ಬರೆಯುವವನ ಮುಂದೆ ಕೂತು, ಆ ಗರಿಕೆಯ ಜಾಗವನ್ನು ಯಾವ ಕಾಲಕ್ಕೂ ಉಳಕೂಡದೆಂದು ಬರೆಯಲು ಹೇಳಿದಳು. ಅವನು ಪೆನ್ನು ಎತ್ತಿದ. "ಸಮಾಧಿ ಯಾರದಮ್ಮಾ? ಪೇರು ಬೇಕು. ಓಗಲಿ, ಮಾರೋರ ಕಡೆಯೋರದಾ, ಕೊಳ್ಳೋರ ಕಡೆಯೋರದಾ? ಅದಾದ್ರೂ ಏಳಿ."

ಮಾರುವವನು ನೆಲ ನೋಡುತ್ತಿದ್ದ.

"ನಮ್ಮನೇದು ಅಂತ ಬರಿಯಪ್ಪ," ಎಂದಳು ದೊಡ್ಡವ್ವ. "ನಮ್ಮನೆ ಎಣ್ಮಗಳು."

ಮಾರುವವನು ತಟ್ಟನೆ ತಲೆಯೆತ್ತಿ ಅವಳ ಮುಖ ನೋಡಿದ. ಹೆಬ್ಬೆಟ್ಟು ಒತ್ತಿದವನು ನಮ್ಮ ಜೊತೆ ಟೀಗೂ ನಿಲ್ಲದೆ ಹೊರಟುಹೋದ.

ಗೆಟ್ಟವಾಡಿಯಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಮನೆಗೆ ಹೋಗೋಣವೆಂದರೆ ಕೇಳದೆ ಹೊಲದ ಹಾದಿ ಹಿಡಿದಳು. ಬದುವಿನ ಹತ್ತಿರ ಚಪ್ಪಲಿ ಬಿಟ್ಟು, "ಬಂದೆ ಕಣವ್ವಾ," ಎಂದಳು. ಆಮೇಲೆ, ಒಳಗಿನವರು ಬಂದು ಚಿಲಕ ತೆಗೆಯಲೆಂದು ಹೊಸಿಲಾಚೆ ಕಾಯುವವರಂತೆ ನಿಂತಳು. ಗಾಳಿ ಕೂಡ ಇರಲಿಲ್ಲ. ನಾನು ಬದು ದಾಟಲಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡವ್ವ ತಲೆ ಓರೆ ಮಾಡಿ ಕಿವಿಗೊಟ್ಟು, "ಊಂ," ಎಂದು ಒಳಗೆ ಕಾಲಿಟ್ಟಳು.