ಮೊದಲ ದೂರು

ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ಸದಾ ಅರ್ಧ ಸವೆದಿರುತ್ತಿತ್ತು. ಸಂದಿಯಲ್ಲಿ ಸಿಮೆಂಟಿನ ಬೂದು ಗೆರೆ. ಕಾಂಕ್ರೀಟ್ ಎಲ್ಲಿ ಕಂಡರೂ ಕೆರೆದು ನೋಡುವ ಚಾಳಿ. ಮದುವೆಗೆ ಹೋದರೆ ಛತ್ರದ ಕಂಬವನ್ನೂ ಬಿಡುತ್ತಿರಲಿಲ್ಲ. ಕುಡುಮಲಕುಂಟೆಯಲ್ಲಿ ನಾನು ಸೈಟ್ ಎಂಜಿನಿಯರ್ ಆಗಿ ಸೇರಿದಾಗ ಅವರೇ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ಮೊದಲ ದಿನವೇ ನನ್ನ ಅಳತೆಯ ಟೇಪು ಇಸಿದುಕೊಂಡು ತಮ್ಮ ಟೇಪಿನ ಪಕ್ಕ ಹಿಡಿದು ನೋಡಿದರು.

"ನಿನ್ ಮೇಲೆ ಅನುಮಾನ ಇಲ್ಲಮ್ಮ, ಟೇಪ್ ಮೇಲೆ," ಅಂದರು. ನಾನು ನಂಬಲಿಲ್ಲ.

ತಾರಸಿಗೆ ಕಾಂಕ್ರೀಟ್ ಸುರಿದ ದಿನ, ಅಂದರೆ ಮೋಲ್ಡಿಂಗ್ ದಿನ, ನಮ್ಮ ಕಡೆ ಮಾಲೀಕರು ಎಲ್ಲರಿಗೂ ಬಾಡೂಟ ಹಾಕಿಸುತ್ತಾರೆ. ಸಾಹೇಬರು ಮಾತ್ರ ಎಲೆಯ ಮುಂದೆ ಕೂರುತ್ತಿರಲಿಲ್ಲ. ಮನೆಯಿಂದ ತಂದ ಮುದ್ದೆ ಸಾರಿನ ಕ್ಯಾರಿಯರ್ ಬಿಚ್ಚುತ್ತಿದ್ದರು.

"ಸೆಂಟ್ರಿಂಗ್ ಬಿಚ್ಚಿದ್ಮೇಲೂ ತಾರಸಿ ನಿಂತಿದ್ರೆ ಆವತ್ತು ಉಣ್ತೀನಿ. ಇವತ್ತು ಉಂಡ್ರೆ ನಾಳೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ."

ಶಿಡ್ಲಘಟ್ಟದ ಹತ್ತಿರ ಒಂದು ಗೋದಾಮು ಕಟ್ಟುವಾಗ ಮಾಲೀಕರಿಗೆ ಉದ್ಘಾಟನೆಯ ಮುಹೂರ್ತದ ಅವಸರ. ಕಾಂಕ್ರೀಟ್ ಇನ್ನೂ ಬಲಿತಿರಲಿಲ್ಲ. ಕೆಳಗಿನ ಆಸರೆಯ ಸೆಂಟ್ರಿಂಗನ್ನು ಹತ್ತನೇ ದಿನಕ್ಕೇ ಬಿಚ್ಚಿಸಿ ಎಂದರು. ಸಾಹೇಬರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಮಾಲೀಕರ ಬಾಮೈದ ಕೂತಿದ್ದ, ಅದುವರೆಗೆ ಮದುವೆಗಳಿಗೆ ಶಾಮಿಯಾನ ಹಾಕಿಸುತ್ತಿದ್ದವನು. ಜೇಬಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂದು ಅಚ್ಚಾದ ಹೊಸ ಕಾರ್ಡು. ಬಿಚ್ಚಿದರು. ತಾರಸಿ ಬೀಳಲಿಲ್ಲ, ನಡುವೆ ಉದ್ದಕ್ಕೆ ಬಿರುಕು ಬಿಟ್ಟಿತು. ಅದರ ಮೇಲೆ ಸುಣ್ಣ ಬಳಿದು ಉದ್ಘಾಟನೆಯ ಟೇಪು ಕತ್ತರಿಸಿದರು. ನಾನು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲೆ ಸಾಹೇಬರು ನೀಲಿ ಫೈಲೊಂದನ್ನು ಹಿಡಿದು ಚಿಕ್ಕಬಳ್ಳಾಪುರ, ಚಿಂತಾಮಣಿ ಎಂದು ಬಸ್ಸಿನಲ್ಲಿ ತಿರುಗತೊಡಗಿದರು. ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಇಡೀ ದೇಶಕ್ಕೆ ಒಂದು ಮಂಡಳಿ ಬೇಕೆಂಬ ಮನವಿಗೆ ಸಹಿ ಸಂಗ್ರಹ. ನನ್ನ ಹತ್ತಿರವೂ ಬಂದರು.

"ಡಾಕ್ಟ್ರಿಗೆ ಕೌನ್ಸಿಲ್ ಐತೆ, ವಕೀಲ್ರಿಗೆ ಐತೆ. ತಪ್ಪು ಮಾಡಿದ್ರೆ ಪಟ್ಟಿಯಿಂದ ಹೆಸ್ರು ಹೊಡೆದಾಕ್ತಾರೆ. ನಮ್ಗೆ? ಕಾರ್ಡ್ ಮಾಡಿಸ್ಕೊಂಡೋನೆಲ್ಲ ಮ್ಯಾನೇಜರ್. ಆಗಲ್ಲ ಅಂದೋನ ಬೆನ್ನಿಗೆ ಯಾರವ್ರೆ, ಹೇಳಮ್ಮ."

ಇದೂ ಒಂದು ಸಂಘ, ಒಂದು ಬೋರ್ಡು, ಶಾಲು ಹಾರ. ಕೆಲಸ ಹೋದವರಿಗೆ ಕುರ್ಚಿಯ ಹಂಬಲ ಅಂದುಕೊಂಡೆ. "ಅಧ್ಯಕ್ಷರು ಯಾರಾಗ್ತಾರೆ ಸಾರ್?" ಎಂದು ಕೇಳಿಯೇಬಿಟ್ಟೆ.

"ಒಳ್ಳೆ ಪ್ರಶ್ನೆ ಕಣಮ್ಮ. ಹಂಗೇ ಅನುಮಾನ ಪಡ್ತಿರು," ಎಂದು ಫೈಲು ಮುಚ್ಚಿದರು. ನಾನು ಸಹಿ ಹಾಕಲಿಲ್ಲ.

ಕಳೆದ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ತಿಥಿಯ ದಿನ ಅವರ ಹೆಂಡತಿ ಆ ಫೈಲನ್ನು ನನ್ನ ಕೈಗಿಟ್ಟರು. "ಆ ಅನುಮಾನದ ಹುಡ್ಗಿಗೆ ಕೊಡು ಅಂದಿದ್ರಮ್ಮ."

ಅಧ್ಯಕ್ಷರ ಹೆಸರಿಗಾಗಿಯೇ ಹಾಳೆಗಳನ್ನು ಮಗುಚಿದೆ. ಎಲ್ಲೂ ಇರಲಿಲ್ಲ. ಕೊನೆಯಲ್ಲಿ, ಮಂಡಳಿ ಬಂದರೆ ವಿಚಾರಿಸಬೇಕಾದ ಮೊದಲ ದೂರು ಎಂಬ ಪುಟ. ಬಾಮೈದನ ಮೇಲೆ ಇರುತ್ತದೆ ಅಂದುಕೊಂಡೆ. ಇದ್ದದ್ದು ಅವರ ಮೇಲೆಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೋಲ್ಡಿಂಗ್ ಊಟ ಉಂಡ ದಾಕ್ಷಿಣ್ಯಕ್ಕೆ, ಮಾಲೀಕರು ಹೇಳಿದರೆಂದು ಬೇಗ ಸೆಂಟ್ರಿಂಗ್ ಬಿಚ್ಚಿಸಿದ್ದರು. ಕಿಟಕಿಯ ಮೇಲಿನ ಸಜ್ಜಾ ಕುಸಿದು ಗಾರೆ ಕೆಲಸದವರೊಬ್ಬರ ಕಾಲು ಹೋಯಿತು. "ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು," ಎಂದು ಬರೆದಿದ್ದರು.

ಓದಿ ನನಗೆ ನಾಚಿಕೆಯಾಯಿತು. ಆ ಪುಟದ ಕೆಳಗೆ ಜಾಗ ಖಾಲಿ ಇತ್ತು. ಶಿಡ್ಲಘಟ್ಟದ ಗೋದಾಮಿನ ಬಿರುಕು, ಅದನ್ನು ನೋಡಿಯೂ ಸುಮ್ಮನಿದ್ದ ಸೈಟ್ ಎಂಜಿನಿಯರ್. ಎರಡನೇ ದೂರನ್ನು ನಾನೇ ಬರೆದೆ. ಆಮೇಲೆ ಮೊದಲ ಪುಟದ ಮನವಿಗೆ ಬಂದು ಸಹಿ ಹಾಕಿದೆ.