ಹೆಪ್ಪುಗಟ್ಟದ ಒಂದು ಹನಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವುಗಳ ಮಾತು ಬಂದಾಗ ನಗುವವರ ಸಾಲಿನಲ್ಲಿ ನಾನೇ ಮೊದಲಿಗ. ಈಗಲೂ ಹಾಗೇ ಇದ್ದೇನೆಂದು ಹೇಳಿಕೊಳ್ಳುವ ಆಸೆಯೇನೋ ಇದೆ. ಆದರೆ ಆ ಒಂದು ದಿನ ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ನೀವು ಇದನ್ನು ಕಟ್ಟುಕಥೆ ಎಂದರೂ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ಹತ್ತಿರ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹಳದಿ ಗೂಡಿನ ತಳಿಗೂ ಬಿಳಿ ಗೂಡಿನ ತಳಿಗೂ ಬೆರಕೆ ಮಾಡುವುದು, ಮೊದಲ ಪೀಳಿಗೆಯಲ್ಲಿ ಕಾಣೆಯಾದ ಬಿಳಿ ಮುಂದಿನ ಪೀಳಿಗೆಯಲ್ಲಿ ಮತ್ತೆ ತಲೆಯೆತ್ತುವುದನ್ನು ನೋಡುವುದು, ಇದೇ ನನಗೆ ಹುಚ್ಚು. ಕಂಡದ್ದಕ್ಕೆಲ್ಲ ಕಾರಣ ಹುಡುಕುವ ಚಟ ಅಂಟಿಕೊಂಡದ್ದು ಅಲ್ಲೇ.

ನಮ್ಮೂರು ಆವತಿ. ಸುತ್ತಲಿನ ರೈತರೆಲ್ಲ ಕಿವಿಗೆ ಒಂಟಿ ಹಾಕಿಕೊಂಡು ಓಡಾಡಿದರೆ ನಮ್ಮ ಮನೆಯ ಗಂಡಸರ ಕಿವಿ ಮಾತ್ರ ಬೋಳು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಣ್ಣನಿಗೆ ಕೂಸಾಗಿದ್ದಾಗ ಕಿವಿ ಚುಚ್ಚಿಸಿದ್ದರಂತೆ. ರಕ್ತ ನಿಲ್ಲಲೇ ಇಲ್ಲ, ಮಗು ಉಳಿಯಲಿಲ್ಲ. ಮನೆದೇವರಿಗೆ ಸಿಟ್ಟು ಬಂತೆಂದುಕೊಂಡ ಅಪ್ಪ, ಇನ್ನು ಮೇಲೆ ಈ ಮನೆಯ ಗಂಡುಮಕ್ಕಳ ಕಿವಿ ಚುಚ್ಚುವುದಿಲ್ಲವೆಂದು ಹರಕೆ ಹೊತ್ತರು. ನನ್ನ ಮಕ್ಕಳಿಗೂ ಚುಚ್ಚಿಸಿಲ್ಲ.

ಅಕ್ಕ ಪುಟ್ಟಮ್ಮನನ್ನು ಹೊಸಕೋಟೆ ಕಡೆ ಕೊಟ್ಟಿದ್ದರು. ಅವಳ ಮಗ ಕೃಷ್ಣಪ್ಪನಿಗೆ ವರ್ಷ ತುಂಬಿದಾಗ ಕಿವಿ ಚುಚ್ಚುವ ಶಾಸ್ತ್ರ ಇಟ್ಟುಕೊಂಡರು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕಲ್ಲ, ನಾನು ಹೋದೆ. ಜೊತೆಗೆ ಅವ್ವನೂ ಬಂದಳು.

"ಅವ್ವ, ಇವನಿಗೆ ಚುಚ್ಬೋದಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಕೊಟ್ಟ ಮನೆಗೆ ಹೋದ್ಮೇಲೆ ನಮ್ ದೇವ್ರ ಕಟ್ಲೆ ನಿಂಗಿಲ್ಲ ಕಣವ್ವ. ಇವರ ದೇವ್ರೇ ಬೇರೆ," ಎಂದಳು ಅವ್ವ. ಮಾತು ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ.

ಬೆಳಗಿನ ಬಿಸಿಲು ಪಡಸಾಲೆಯೊಳಕ್ಕೆ ಬಂದಿತ್ತು. ನೆಂಟರೆಲ್ಲ ಸುತ್ತ ಕೂತಿದ್ದರು. ಮಗು ನನ್ನ ತೊಡೆಯ ಮೇಲೆ ಬೆಲ್ಲ ಚೀಪುತ್ತಿತ್ತು. ಅಕ್ಕಸಾಲಿ ಆಚಾರಿ ಚಿನ್ನದ ತಂತಿಯನ್ನು ಕೈಗೆತ್ತಿಕೊಂಡು ಹತ್ತಿರ ಸರಿದರು. ಆಗ ನನ್ನ ಬಿಳಿ ಪಂಚೆಯ ಮೇಲೆ, ಮಂಡಿಯ ಹತ್ತಿರ, ದಪ್ಪನೆಯ ರಕ್ತದ ಹನಿ ಕಾಣಿಸಿತು.

"ಚುಚ್ಚೇಬಿಟ್ರಾ?" ಎಂದೆ.

"ಇಲ್ಲ ಸ್ವಾಮಿ, ನಾನಿನ್ನೂ ಮುಟ್ಟೇ ಇಲ್ಲ," ಎಂದು ಆಚಾರಿ ಕೈ ಹಿಂದಕ್ಕೆ ತೆಗೆದುಕೊಂಡರು.

ಮಗುವಿನ ಮೈಯೆಲ್ಲ ತಡವಿ ನೋಡಿದೆವು, ಎಲ್ಲೂ ಗಾಯವಿಲ್ಲ. ನನಗಿಲ್ಲ, ಆಚಾರಿಗಿಲ್ಲ. ಮೇಲೆ ಹೆಂಚಿನ ಸೂರು, ಅಲ್ಲಿ ಹಲ್ಲಿಯೂ ಇರಲಿಲ್ಲ. ಅಂದು ಒಬ್ಬಟ್ಟಿನ ಅಡುಗೆ, ಕೋಳಿ ಕೊಯ್ದಿರಲಿಲ್ಲ. ಅವ್ವ ಆ ಹನಿಯನ್ನೇ ನೋಡುತ್ತ ಎದ್ದು ಬಂದವಳು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಭಾವನಿಗೆ ಕೋಪ ನೆತ್ತಿಗೇರಿತು. "ಏನಪ್ಪಾ ಇದು, ಶುಭಕಾರ್ಯ ಕೆಡಿಸಿಬಿಟ್ರಲ್ಲ!" ಎಂದು ಕೂಗಾಡಿದ. ಆದರೆ ಅವ್ವ ಮಗುವನ್ನು ಕೆಳಗಿಳಿಸಲಿಲ್ಲ. ಶಾಸ್ತ್ರ ಅಲ್ಲಿಗೇ ನಿಂತಿತು.

ನಾನು ಬೇರೆ ಪಂಚೆ ಉಟ್ಟು, ಕಲೆಯಾದದ್ದನ್ನು ಮಡಿಚಿ ತಂದೆ. ಸಂಜೆ ಕೋಠಿಯಲ್ಲಿ ಬಿಚ್ಚಿ ಮುಟ್ಟಿದರೆ ಹನಿ ಇನ್ನೂ ಹಸಿ! ಬೆರಳಿಗೆ ಅಂಟಿತು. ಅಷ್ಟು ಹೊತ್ತಿಗೆ ಯಾವ ರಕ್ತವಾದರೂ ಹೆಪ್ಪುಗಟ್ಟಿ ಕರೆಯಾಗಬೇಕು. ಚಿಟ್ಟೆಗಳಿಗೆ ರೋಗವಿದೆಯೇ ಎಂದು ನೋಡುವ ಸೂಕ್ಷ್ಮದರ್ಶಕದ ಕೆಳಗೆ ಅದನ್ನಿಟ್ಟೆ. ಪಕ್ಕದಲ್ಲಿ ನನ್ನ ಬೆರಳು ಚುಚ್ಚಿ ತೆಗೆದ ಹನಿಯನ್ನೂ ಇಟ್ಟೆ. ಎರಡರಲ್ಲೂ ಒಂದೇ ಬಗೆಯ ದುಂಡು ಕಣಗಳು. ಕೋಳಿ, ಹಲ್ಲಿಗಳ ಕಣ ಹಾಗಿರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಹನಿ ನೋಡನೋಡುತ್ತಲೇ ಗಟ್ಟಿಯಾಯಿತು. ಪಂಚೆಯ ಮೇಲಿನದು ಮಾತ್ರ ಆಗಲಿಲ್ಲ. ಭಯಕ್ಕಿಂತ ಹೆಚ್ಚಾಗಿ ನನಗೆ ಕುತೂಹಲವೇ ಆಗಿತ್ತು, ನಿಜ ಹೇಳುತ್ತೇನೆ.

ಕೆಲವು ತಿಂಗಳ ಮೇಲೆ ಕೃಷ್ಣಪ್ಪ ಹೊಸ್ತಿಲು ಎಡವಿ ಬಿದ್ದು ತುಟಿ ಕಚ್ಚಿಕೊಂಡ. ಸಣ್ಣ ಗಾಯ, ಆದರೆ ರಕ್ತ ನಿಲ್ಲಲಿಲ್ಲ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೊತ್ತೊಯ್ದೆವು. ಭಾವನ ರಕ್ತ ಕೊಟ್ಟು ಹೇಗೋ ಉಳಿಸಿಕೊಂಡರು. "ಕಿವಿ ಚುಚ್ಚಿಸದೆ ಇದ್ದದ್ದು ಪುಣ್ಯ," ಎಂದರು ಡಾಕ್ಟರು. ಭಾವ ತಲೆ ತಗ್ಗಿಸಿ ನನ್ನ ಕೈ ಹಿಡಿದುಕೊಂಡ.

ಇದು ರಕ್ತ ಹೆಪ್ಪುಗಟ್ಟದ ವಂಶದ ಕಾಯಿಲೆ, ಇದರ ಜೀನ್ ತಾಯಿಯಲ್ಲಿ ಅಡಗಿರುತ್ತದೆ, ಸಾಮಾನ್ಯವಾಗಿ ಅವಳಿಗೇನೂ ಆಗದು, ಅವಳ ಗಂಡುಮಕ್ಕಳಲ್ಲಿ ಕೆಲವರಿಗೆ ಬರುತ್ತದೆ, ಹೆಣ್ಣುಮಕ್ಕಳಲ್ಲಿ ಕೆಲವರು ಅದನ್ನು ಮುಂದಕ್ಕೆ ಒಯ್ಯುತ್ತಾರೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕಾಣೆಯಾಗಿ ಮತ್ತೆ ತಲೆಯೆತ್ತುವ ಬಿಳಿ ಗೂಡು ಕಂಡ ನನಗೆ ಅದು ತಕ್ಷಣ ಹೊಳೆಯಿತು. ಅಪ್ಪನ ಹರಕೆ ಗಂಡುಮಕ್ಕಳ ಹಿಂದೆ ಹೋಗಿತ್ತು. ಕಾಯಿಲೆ ಹೆಣ್ಣುಮಕ್ಕಳ ಹಿಂದೆ ಹೋಗಿತ್ತು. ಅಪಾಯವೇ ಇಲ್ಲದ ನನ್ನ ಮಕ್ಕಳ ಕಿವಿಯನ್ನು ಕಾಯುತ್ತ, ಅಕ್ಕನ ಮಗನನ್ನು ನಾವೇ ತಂತಿಯ ಮುಂದೆ ಕೂರಿಸಿದ್ದೆವು.

"ಇದಕ್ಕಿನ್ನೂ ಮದ್ದಿಲ್ಲ. ಇಂಥ ಮಕ್ಕಳ ಮನೆಯವರು ಪರೀಕ್ಷೆಗೆ ರಕ್ತ ಕೊಟ್ಟರೆ, ಹಿಂದಿನದನ್ನು ಮುಚ್ಚಿಡದೆ ಹೇಳಿದರೆ ಮುಂದೆ ಯಾರಿಗಾದರೂ ದಾರಿ ಕಂಡೀತು," ಎಂದರು ಡಾಕ್ಟರು.

"ಊರಿಗೆ ಗೊತ್ತಾದ್ರೆ ನಮ್ಮ ಹೆಣ್ಮಕ್ಳನ್ನ ಯಾರು ತರ್ತಾರೆ ಸ್ವಾಮಿ?" ಎಂದು ಭಾವ ಹಿಂಜರಿದ. ಅಕ್ಕ "ನಾನೇ ಕೊಟ್ನಾ ಇದನ್ನ?" ಎಂದು ಗೋಡೆಗೊರಗಿ ಅಳುತ್ತಿದ್ದಳು.

ಅವ್ವ ಮುಂದೆ ಬಂದು ತೋಳು ಚಾಚಿದಳು. "ನನ್ ದೊಡ್ಮಗ ಸತ್ತಾಗ ಯಾಕೆ ಅಂತ ಯಾರೂ ಕೇಳ್ಲಿಲ್ಲ ಸ್ವಾಮಿ. ನೀವು ಕೇಳ್ತಾ ಇದ್ದೀರ. ತಗೊಳ್ಳಿ." ಅವಳ ಹಿಂದೆ ಅಕ್ಕ ಕೊಟ್ಟಳು, ನಾನೂ ಕೊಟ್ಟೆ. ಎಲ್ಲರ ರಕ್ತವೂ ಗಾಜಿನ ಮೇಲೆ ಹೆಪ್ಪುಗಟ್ಟಿತು, ಮಗುವಿನದೊಂದನ್ನು ಬಿಟ್ಟು.

ಆ ಜೀನಿನ ದಾರಿ ನನಗೆ ಅರ್ಥವಾಗಿದೆ. ಪಂಚೆಯ ಮೇಲಿನ ಹನಿ ಅರ್ಥವಾಗಿಲ್ಲ. ಗಾಯವಿಲ್ಲದ ಮಗುವಿನದು ಎನ್ನಲೇ? ಬೇರೆ ಯಾರದು ಎನ್ನಲಿ? ಎಷ್ಟೋ ಸಲ ಯೋಚಿಸಿ ಕೈಬಿಟ್ಟಿದ್ದೇನೆ.

ಅವ್ವನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಬದುಕಿರುವವರೆಗೂ ಕೃಷ್ಣಪ್ಪನ ತಲೆ ಸವರಿ, "ನಿಂಗೆ ಇಬ್ರು ಸೋದರಮಾವ ಕಣೋ," ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತಿರುತ್ತಿದ್ದ ನಾನು ಒಂದು ಸಲವೂ ಆ ಮಾತನ್ನು ತಿದ್ದಲಿಲ್ಲ.